ಸಂಜಿ ಆರಕ್ಕ ಬರ್ರಿ ಅಂದ ಸಾಲು

ಬಸ್ಸು ಹುಮನಾಬಾದ್ ಬಿಡುವಷ್ಟರಲ್ಲೇ ಗ್ರೂಪ್‌ನಲ್ಲಿ ಮೊದಲ ಸಾಲು ಬಿತ್ತು.

"ಚಾಂದಭಾಯಿ ಬಾಳೆಹಣ್ಣು ಏರ್ಯಾವ ನೂರಕ್ಕ."

ಬಸವಕಲ್ಯಾಣಕ್ಕೆ ದಿನಾ ಓಡಾಡುವವರ ವಾಟ್ಸಾಪ್ ಗ್ರೂಪ್ ಅದು. ಒಬ್ಬರು ಸಾಲು ಹಾಕಿದರೆ ಉಳಿದವರು ಅದೇ ಪ್ರಾಸದಲ್ಲಿ ಮುಂದುವರಿಸಬೇಕು. ಈ ಚಟ ಹಚ್ಚಿದ ಅಡ್ಮಿನ್ ನಾನೇ. ಪ್ರಾಸ ಇಲ್ಲದ ದಿನ ನನಗೆ ತ್ರಾಸ.

ಬರೆದವನು ಬಸವಕಲ್ಯಾಣದಲ್ಲಿ ಮೊಬೈಲ್ ರಿಪೇರಿ ಮಾಡುವ ವಿಜ್ಜು. ಅಲ್ಲೇ ಹಣ್ಣಿನ ಗಾಡಿ ಹಚ್ಚುವ ಚಾಂದಭಾಯಿ ನನ್ನ ಮುಂದಿನ ಸೀಟಿನಲ್ಲಿದ್ದರು. ಓದಿ ನಕ್ಕರು.

ಎರಡನೇ ಸಾಲು ಇನ್ಯಾರದೋ. "ಇಂಥ ಮಂದೀನ ಅಟ್ರಿ ಊರ ಹೊರಕ್ಕ."

ಚಾಂದಭಾಯಿ ನಗಲಿಲ್ಲ. ನಾನು ಅಳಿಸಲೂ ಇಲ್ಲ. ಇನ್ನೊಬ್ಬರ ನಾಲಿಗೆಗೆ ಬೀಗ ಹಾಕೋದು ನನಗೆ ಆಗಿಬರೋದಿಲ್ಲ...

ಆಮೇಲೆ ಮತ್ತೆ ವಿಜ್ಜು. "ಗಾಡಿ ಉರುಳಸೂಣು ಬರ್ರಿ ಸಂಜಿ ಆರಕ್ಕ."

ಸಾಲುಸಾಲು ಸ್ಮೈಲಿ. ಚಾಂದಭಾಯಿ ಫೋನು ಮಗುಚಿ ತೊಡೆಯ ಮೇಲಿಟ್ಟರು.

ಪಕ್ಕದಲ್ಲಿದ್ದ ವಕೀಲರಿಗೆ ತೋರಿಸಿದೆ.

"ಬೈಯೋದು ಬ್ಯಾರೆ, ಕರಿಯೋದು ಬ್ಯಾರೆರಿ. ನಮ್ಮ ದೇಶ ಒಪ್ಪಿದ ಅಂತರರಾಷ್ಟ್ರೀಯ ಒಪ್ಪಂದದಾಗ ಮಾತಾಡೋ ಹಕ್ಕೂ ಅದ. ಧರ್ಮದ ದ್ವೇಷದಾಗ ಹೊಡಿಯಾಕ ಕರದ್ರ ತಡೀಬೇಕು ಅಂತನೂ ಅದ. ಯಾರಿಗಿ, ಎಲ್ಲಿ, ಯಾವಾಗ ಅಂತ ನೋಡ್ತಾರ. ಇದರಾಗ ಟೈಮ್ ಸುದ್ದಾ ಅದಲ್ರಿ."

ಕೊನೆಯ ಎರಡೂ ಸಾಲು ಅಳಿಸಿ ವಿಜ್ಜುಗೆ ಫೋನ್ ಹಚ್ಚಿದೆ.

"ಸಿಟ್ಟ್ಯಾಕ ಅಣ್ಣಾ? ನೂರಕ್ಕ, ಹೊರಕ್ಕ... ಪ್ರಾಸಕ್ಕ ಆರಕ್ಕ ಅಂತ ಹಾಕೀನಿ. ಯಾರ್ ಬರ್ತಾರ?"

"ಬ್ಯಾರೆ ಗ್ರೂಪಿಗೆ ಕಳಿಸೀಯೇನು?"

"...ಪ್ರಾಸ ಛಲೋ ಕೂಡಿತ್ತಂತ ಕಳಿಸೀನಿ."

ಇವತ್ತು ಗಾಡಿ ಹಚ್ಚಬೇಡಿ ಎಂದು ಚಾಂದಭಾಯಿಗೆ ಹೇಳಿದೆ. "ಹಣ್ಣ ನಾಳಿಗಿ ಕಪ್ಪಾಗ್ತಾವ ಸರ್" ಅಂದರು.

ಸಂಜೆ ವಕೀಲರು ಪೊಲೀಸ್ ಠಾಣೆಗೆ ಹೋದರು. ನಾನು ವಿಜ್ಜುನನ್ನು ಎಳೆದುಕೊಂಡು ಬಂದು ಗಾಡಿಯ ಪಕ್ಕ ನಿಲ್ಲಿಸಿದೆ. ಅವನು ಆರಾಮಾಗಿ ಬಾಳೆಹಣ್ಣು ಸುಲಿಯುತ್ತಿದ್ದ.

ಆರಾಗುತ್ತದೆ. ಎರಡು ಬೈಕು ಬಂದು ನಿಲ್ಲುತ್ತವೆ. ಯಾರ ಮುಖವೂ ಗುರುತಿಲ್ಲ. ವಕೀಲರು ಇನ್ನೂ ಬಂದಿಲ್ಲ.

ಒಬ್ಬ ವಿಜ್ಜುನನ್ನೇ ಕೇಳುತ್ತಾನೆ. "ಆರಕ್ಕ ಅಂದಿದ್ರಲ್ರಿ, ಇದೇ ಗಾಡಿ ಏನು?"

ವಿಜ್ಜು ಹಣ್ಣು ಕೆಳಗಿಟ್ಟ. ಚಾಂದಭಾಯಿಯ ಮುಂದೆ ಹೋಗಿ ನಿಂತ.

"ಅದನ್ನ ಬರದಾಂವ ನಾನೇ. ಸುಳ್ಳದು. ಹೋಗ್ರಿ."

ಪ್ರಾಸವಿಲ್ಲದ ಅವನ ಮೊದಲ ಸಾಲು. ಕೇಳೋದಕ್ಕೆ ಬಹಳ ಚೆನ್ನಾಗಿತ್ತು.

ಅವರು ಹೋದರು. ಹೋಗುವಾಗ ಒಬ್ಬ ಗಾಡಿಯ ಫೋಟೋ ತೆಗೆದುಕೊಂಡ.

ಚಾಂದಭಾಯಿ ಇವತ್ತೂ ಗಾಡಿ ಹಚ್ಚಿದ್ದಾರೆ... ನೀವು ಅಡ್ಮಿನ್ ಆಗಿದ್ದರೆ ಯಾವ ಸಾಲಿಗೆ ತಡೀತಿದ್ರಿ?