ಚರಗದ ಕಡಬು

ನಾನು ರಾಯಬಾಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆಹಾರ ಸರಪಳಿಯ ಪಾಠ ಬಂದಾಗ ಪುಸ್ತಕದ ಹುಲ್ಲು, ಮಿಡತೆ, ಕಪ್ಪೆಗಳನ್ನು ಬದಿಗಿಟ್ಟು ಬೋರ್ಡಿನ ಮೇಲೆ ಕಬ್ಬು ಬರೆಯುತ್ತಿದ್ದೆ. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ನೋಡಿರುವುದು ಕಬ್ಬನ್ನೇ. ಬಿಸಿಲು ಕುಡಿದು ಕಬ್ಬು, ಕಬ್ಬು ತಿಂದು ಇಲಿ, ಇಲಿ ತಿಂದು ಬೆಕ್ಕು. ತಿಂದದ್ದೆಲ್ಲ ಇಲಿಯ ಮೈಗೆ ಹತ್ತುವುದಿಲ್ಲ. ಓಡಾಡಲಿಕ್ಕೆ, ಮೈ ಬೆಚ್ಚಗಿಟ್ಟುಕೊಳ್ಳಲಿಕ್ಕೆ ಬಹುಪಾಲು ಖರ್ಚಾಗಿ, ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಬೆಕ್ಕಿನವರೆಗೆ ಬರುತ್ತದೆ. ಅದಕ್ಕೇ ಒಂದು ಬೆಕ್ಕು ಬದುಕಬೇಕಾದರೆ ರಾಶಿ ಇಲಿ ಬೇಕು ಎನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈಗ ಆ ಪಾಠ ಬಂದರೆ ಬೇಗ ಮುಗಿಸಿಬಿಡುತ್ತೇನೆ.

ನನ್ನ ತವರು ಬೇಡಕಿಹಾಳದ ಹತ್ತಿರ. ಅಲ್ಲಿ ಅವ್ವ ಇದ್ದಾಳೆ, ಹೊಲ ನೋಡಿಕೊಳ್ಳುವ ತಮ್ಮ, ಅವನ ಹೆಂಡತಿ ಮಕ್ಕಳು ಇದ್ದಾರೆ. ಅವ್ವನದೊಂದು ಬೂದು ಬೆಕ್ಕು ಇತ್ತು. ಆ ಬೆಕ್ಕಿನ ಸೊಕ್ಕು ಏನು ಹೇಳಲಿ! ನಾವು ಯಾರು ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಇಲಿ ಹಿಡಿದರೆ ಮಾತ್ರ ಬಾಯಲ್ಲಿ ಕಚ್ಚಿಕೊಂಡು ಸೀದಾ ಅವ್ವನ ಕಾಲ ಹತ್ತಿರ ತಂದು ಇಡುತ್ತಿತ್ತು. ಅವ್ವ ಕೈಯೊಳಗಿನ ಕೆಲಸ ಬಿಟ್ಟು, “ಶ್ಯಾಣೆ ಅದಿ ನನ್ನವ್ವಾ, ತಿನ್ನಹೋಗು,” ಎನ್ನಬೇಕು. ಅಂದ ಮೇಲೇ ಅದು ತಿನ್ನುತ್ತಿತ್ತು. ಹೆತ್ತ ಮಕ್ಕಳು ನಾವು ನೂರಕ್ಕೆ ತೊಂಬತ್ತು ತೆಗೆದುಕೊಂಡು ಬಂದಾಗಲೂ ಅಷ್ಟು ಹೊಗಳಿಸಿಕೊಂಡವರಲ್ಲ. ನನಗೆ ಹೊಟ್ಟೆಕಿಚ್ಚು ಇತ್ತು ಎಂದರೂ ಅಡ್ಡಿಯಿಲ್ಲ.

ಎಳ್ಳ ಅಮವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಸಜ್ಜೆಯ ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಅನ್ನ ಎಲ್ಲ ಕಲಸಿ ಹೊಲದ ನಾಲ್ಕೂ ಕಡೆ ತೂರಿ, ಆಮೇಲೆ ಬದುವಿನ ಮೇಲೆ ಕೂತು ಎಲ್ಲರೂ ಉಣ್ಣುವುದು. ಹೆಸರು ಭೂಮಿತಾಯಿಯದು, ತಿನ್ನುವವು ಇರುವೆ, ಗುಬ್ಬಿ, ಹೆಗ್ಗಣ. ಅವ್ವನಿಗೆ ಇದು ಗೊತ್ತಿಲ್ಲ ಅಂತಲ್ಲ. “ವರ್ಷಾನಗಟ್ಲೆ ಅವುಗಳ ಪಾಲಿಂದೂ ನಾವ ತಿಂತೀವಿ. ಒಂದ ದಿನಾ ಕೈ ಮುಟ್ಟಿ ಉಣ್ಣಸಬೇಕ,” ಎನ್ನುತ್ತಾಳೆ. ಪಕ್ಕದ ಹೊಲದ ಮುಸ್ಲಿಂ ಮನೆಯ ಹಿರಿಯ ಹೆಂಗಸು, ನಾವೆಲ್ಲ ಆಪಾ ಎನ್ನುವವಳು, ಪ್ರತಿವರ್ಷ ಅವತ್ತು ನಮ್ಮ ಜೊತೆಗೇ ಊಟಕ್ಕೆ ಕೂಡುತ್ತಾಳೆ.

ಹೋದ ವರ್ಷದ ಎಳ್ಳ ಅಮವಾಸ್ಯೆಗೆ ನಾನು ಊರಿಗೆ ಹೋದಾಗ ಕಬ್ಬು ಕಟಾವಿಗೆ ಬಂದಿತ್ತು. ಇಲಿಗಳು ಬುಡದಲ್ಲಿ ಕಡಿದು ಸಾಲಿಗೆ ಸಾಲೇ ಮಲಗಿಸಿದ್ದವು. ಮಲಗಿದ ಕಬ್ಬನ್ನು ಮುಟ್ಟಲು ಕಡಿಯುವವರೂ ಬೇಸರ ಪಡುತ್ತಾರೆ. ತಮ್ಮನ ಮುಖ ಸಪ್ಪಗಾಗಿತ್ತು. ಅವನು ಎಂದೂ ಚರಗದ ಕಡೆ ತಲೆ ಹಾಕಿದವನಲ್ಲ. ಅವತ್ತು ಮಾತ್ರ ತಾನಾಗಿಯೇ ಅಡುಗೆಮನೆಗೆ ಬಂದು, “ಯವ್ವಾ, ಕಡಬು ಜರಾ ಜಾಸ್ತಿ ಮಾಡು. ಕೆನಾಲ್ ಆಚೀ ಹೊಲಕ್ಕೂ ನಾಳೆ ನಾನ ಒಯ್ತೀನಿ,” ಅಂದ.

ಅವ್ವನ ಸಂತೋಷ ನೋಡಬೇಕಿತ್ತು. “ನನ್ನ ಮಗಗ ಕಡೀಕ ಬುದ್ಧಿ ಬಂತ ನೋಡ,” ಎಂದು ಹಿಟ್ಟಿಗೆ ಇನ್ನಷ್ಟು ಬೆಲ್ಲ, ಇನ್ನಷ್ಟು ತುಪ್ಪ ಹಾಕಿ ನಾದಿದಳು. ಮರುದಿನ ಅವನಿಗಾಗಿ ತೆಗೆದಿಟ್ಟ ಬುಟ್ಟಿಗೆ ಹೊಸ ಬಟ್ಟೆ ಮುಚ್ಚಿ ಕೊಟ್ಟಳು. ನಾನು ರಾಯಬಾಗಕ್ಕೆ ವಾಪಸು ಬಂದೆ.

ಮುಂದಿನ ರವಿವಾರ ಮತ್ತೆ ಹೋದೆ. ಬೆಕ್ಕು ಅವ್ವನ ಮಡಿಲಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಮೂಗಿನಿಂದ ರಕ್ತ ಜಿನುಗುತ್ತಿತ್ತು. ಅವ್ವ ಹಾಲು ಹಚ್ಚಿದ ಬೆರಳನ್ನು ಅದರ ಬಾಯಿಗೆ ಇಡುತ್ತಿದ್ದಳು, ಅದು ನೆಕ್ಕುತ್ತಿರಲಿಲ್ಲ. ಆಪಾ ಮಗನ ಟಂಟಂ ರಿಕ್ಷಾ ತರಿಸಿದಳು. ನಾನು, ಅವ್ವ ಅದರಲ್ಲಿ ಕೂತು ಚಿಕ್ಕೋಡಿಗೆ ಹೊರಟೆವು. ತಮ್ಮ ಮೋಟರ್‌ಸೈಕಲ್ ಮೇಲೆ ಹಿಂದೆ ಬಂದ. ದಾರಿಯುದ್ದಕ್ಕೂ ಅವ್ವ ಬೆಕ್ಕಿನ ಕಿವಿಯಲ್ಲಿ ಏನೇನೋ ಹೇಳುತ್ತಿದ್ದಳು. ಈ ವಾರ ಎಷ್ಟು ಇಲಿ ಹಿಡಿದಿ ನನ್ನವ್ವಾ, ದಣಿದಿ, ಅಷ್ಟೇ, ಏನೂ ಆಗಂಗಿಲ್ಲ ಎನ್ನುತ್ತಿದ್ದಳು.

ದನದ ಡಾಕ್ಟರು ಬೆಕ್ಕಿನ ಒಸಡು ನೋಡಿ, “ಏನ ತಿಂದೈತ್ರಿ ಇದು?” ಎಂದು ಕೇಳಿದರು.

“ಇಲಿ ತಿಂದೈತ್ರಿ. ಮತ್ತ ನಮ್ಮ ಮನಿ ಹಾಲು. ಬ್ಯಾರೆ ಏನೂ ಮುಟ್ಟಂಗಿಲ್ರಿ ಅದು,” ಎಂದಳು ಅವ್ವ.

ತಮ್ಮ ಬಾಗಿಲಲ್ಲೇ ನಿಂತಿದ್ದ. ಹೊರಗೆ ಹೋಗುತ್ತಾನೇನೋ ಅಂದುಕೊಂಡೆ, ಹೋಗಲಿಲ್ಲ. “ಇಲಿ ಔಷಧಾ ಇಟ್ಟಿದ್ದೆ ಸರ. ಕಬ್ಬಿನಾಗ,” ಅಂದ. ಬರೀ ಔಷಧವನ್ನು ಇಲಿಗಳು ಮೂಸಿಯೂ ನೋಡುತ್ತಿರಲಿಲ್ಲವಂತೆ. ಚರಗದ ರುಚಿ ಅವಕ್ಕೆ ಹಿಡಿದಿದೆ ಎಂದು ಅವ್ವನ ಕಡಬಿನಲ್ಲಿ ಕಲಸಿ ಬಿಲಬಿಲಕ್ಕೂ ಇಟ್ಟಿದ್ದ. ಅದು ತಿಂದ ಇಲಿ ಅಲ್ಲೇ ಸಾಯುವುದಿಲ್ಲ. ಕೆಲವು ದಿನ ಮಂಕು ಹಿಡಿದಂತೆ ಬಯಲಿನಲ್ಲೇ ಓಡಾಡುತ್ತದೆ, ಬೆಕ್ಕಿಗೆ ಕೂತಲ್ಲೇ ಸಿಗುತ್ತದೆ.

ಡಾಕ್ಟರು ಸೂಜಿ ಮಾಡಿದರು, ಆದರೆ ತಡವಾಗಿದೆ ಎಂದರು. ನನಗೆ ಕೇಳಿ ತಿಳಿಯುವುದು ಏನೂ ಉಳಿದಿರಲಿಲ್ಲ. ನನ್ನ ಪಾಠದ ಸರಪಳಿಯಲ್ಲಿ ಮೆಟ್ಟಿಲಿಗೊಮ್ಮೆ ಸೋರಿಹೋಗುವುದು ಶಕ್ತಿ. ಆ ವಿಷ ಹಾಗೆ ಸೋರುವುದಿಲ್ಲ. ಪ್ರತಿ ಇಲಿಯಲ್ಲಿ ಉಳಿದ ಚೂರು ಚೂರೂ ಒಂದೇ ಬೆಕ್ಕಿನ ಹೊಟ್ಟೆಯಲ್ಲಿ ಬಂದು ಸೇರಿತ್ತು. ಬದುಕಲು ಬಹಳ ಇಲಿ ಬೇಕಾದದ್ದೇ ಅದಕ್ಕೆ ಮುಳುವಾಯಿತು.

ಬೆಕ್ಕು ವಾಪಸು ಬರುವ ದಾರಿಯಲ್ಲೇ ಸತ್ತಿತು. ಅವ್ವ ಟಂಟಂ ನಿಲ್ಲಿಸಲು ಹೇಳಲಿಲ್ಲ. ಮನೆಗೆ ಬಂದು ಇಳಿದ ಮೇಲೆ ತಮ್ಮನ ಮುಂದೆ ನಿಂತಳು. ಬೈಯುತ್ತಾಳೆ ಎಂದು ಕಾದೆವು. ಬೈದಿದ್ದರೆ ಚೆನ್ನಾಗಿತ್ತು.

“ನನ್ನ ಕೈಲೇ ಮಾಡಸಿದೆಲ್ಲೋ,” ಎಂದಳು. “ದಿನಾ ತಂದ ತೋರಸತಿತ್ತು. ತಿನ್ನಹೋಗು, ತಿನ್ನಹೋಗು ಅಂತ ನಾನ ಅಂದೇನಿ.”

ಬೆಕ್ಕು ಕೊಂದ ಪಾಪಕ್ಕೆ ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಹೋಗಬೇಕು ಎಂದು ನಮ್ಮಲ್ಲಿ ಹೇಳುತ್ತಾರೆ. ಓಣಿಯ ಯಾರೋ ಅದನ್ನು ಹೇಳಲು ಬಂದರು. ನಾನು ಅವರನ್ನು ಬಾಗಿಲಿನಿಂದಲೇ ಕಳಿಸಿದೆ. ಮಾತು ಕೆಟ್ಟದಾಗಿಯೇ ಆಡಿದೆ, ಅದಕ್ಕೆ ಈಗಲೂ ಬೇಜಾರಿಲ್ಲ. ಆ ವಾರವೇ ಆಪಾ ತನ್ನ ಬಾವಿಯ ಹತ್ತಿರ ಒಂದು ಗೂಗೆ ಸತ್ತುಬಿದ್ದದ್ದನ್ನು ಕಂಡಳು. ಅವ್ವನ ಕಿವಿಗೆ ಬೀಳದಿರಲಿ ಎಂದು ತಾನೇ ಹುಗಿದು, ನನಗೊಬ್ಬಳಿಗೆ ಹೇಳಿದಳು. ತಮ್ಮ ಬಿಲಗಳಿಂದ ಉಳಿದದ್ದನ್ನೆಲ್ಲ ಕೆದಕಿ ತೆಗೆದು ಆಳವಾಗಿ ಮಣ್ಣು ಮಾಡಿದ. ಕೆಲಸ ಮುಗಿಸಿ ಬಂದು ಊಟ ಬೇಡವೆಂದು ಮಲಗಿಬಿಟ್ಟ. ಅವನ ಮೇಲೆ ನನಗೆ ಸಿಟ್ಟಿತ್ತು, ಅಷ್ಟೇ ಕನಿಕರವೂ ಇತ್ತು. ಕಬ್ಬು ಉಳಿಸಿಕೊಳ್ಳಬೇಕು ಎನ್ನುವುದೂ ತಪ್ಪಲ್ಲವಲ್ಲ.

ಅವ್ವ ಅಂದಿನಿಂದ ಯಾವ ಜೀವಕ್ಕೂ ಕೈಯಾರೆ ತಿನ್ನಲು ಹಾಕುವುದನ್ನು ಬಿಟ್ಟಳು. ನಾಯಿಗೆ ರೊಟ್ಟಿ ಸೊಸೆ ಹಾಕಬೇಕು, ಎಮ್ಮೆಗೆ ಹಿಂಡಿ ತಮ್ಮ ಇಡಬೇಕು. ಕಾಗೆ ಬಂದು ಕೂತರೆ ಒಳಗೆ ಹೋಗಿಬಿಡುತ್ತಿದ್ದಳು.

ಈ ಸಲದ ಅಮವಾಸ್ಯೆಗೆ ಚರಗ ಮಾಡುವುದಿಲ್ಲವೇನೋ ಅಂದುಕೊಂಡಿದ್ದೆವು. ಮಾಡಿದಳು. ಎಲ್ಲರೂ ಹೊಲಕ್ಕೆ ಹೋದೆವು, ತಮ್ಮನೇ ಬುಟ್ಟಿ ಹೊತ್ತಿದ್ದ. ಅವ್ವ ಬದುವಿನ ಮೇಲೆ ಕೂತು ಎಲ್ಲವನ್ನೂ ಕಲಸಿದಳು. ಭೂಮಿಗೆ ಕೊಡುವ ಮೊದಲು ಚರಗವನ್ನು ಯಾರೂ ಬಾಯಿಗೆ ಹಾಕುವುದಿಲ್ಲ, ಎಂಜಲಾಗುತ್ತದೆ. ಸಣ್ಣವರಿದ್ದಾಗ ಬೆರಳು ನೆಕ್ಕಿದರೆ ಏಟು ಬೀಳುತ್ತಿತ್ತು. ಅವತ್ತು ಅವ್ವ ಒಂದು ತುತ್ತು ತೆಗೆದು ತಾನೇ ತಿಂದಳು.

“ಏ, ಚೆಲ್ಲೂದಕ್ಕಿಂತ ಮೊದಲ ತಿಂತಾರೇನ?” ಎಂದಳು ಆಪಾ.

“ತಡೀರಿ ಜರಾ,” ಎಂದಳು ಅವ್ವ. “ನನಗೇನೂ ಆಗಲಿಲ್ಲಂದ್ರ ಚೆಲ್ಲೂಣು.”

ಆಪಾ ಸೆರಗು ಬಾಯಿಗಿಟ್ಟುಕೊಂಡಳು. ನನಗೂ ಅಳು ತಡೆಯಲಾಗಲಿಲ್ಲ. ತಮ್ಮ ಅವ್ವನ ಎದುರು ಮಣ್ಣಿನಲ್ಲಿ ಮೊಣಕಾಲೂರಿ ಕೂತು, ತಾನೂ ತಿನ್ನುತ್ತೇನೆ ಎಂದು ಬುಟ್ಟಿಗೆ ಕೈ ಹಾಕಿದ. ಅವ್ವ ಬುಟ್ಟಿಯನ್ನು ಸರಕ್ಕನೆ ತನ್ನ ಕಡೆ ಎಳೆದುಕೊಂಡಳು.

“ನೀ ಬ್ಯಾಡೋ,” ಎಂದಳು. “ನಿನ್ನ ಮಕ್ಕಳಿನ್ನಾ ಸಣ್ಣವ ಅದಾವ.”