ರದ್ದಾದ ಕಾನೂನಿನಡಿ ಒಂದು ಶಿಕ್ಷೆ

2024ರ ಜುಲೈ ಒಂದರಂದು ಐಪಿಸಿ ರದ್ದಾಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಆಗ ನಾನು ಕಡೂರಿನಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕನಾಗಿದ್ದೆ. ಪೊಲೀಸರು ದಾಖಲಿಸಿದ ಕೇಸುಗಳನ್ನು ಸರ್ಕಾರದ ಪರವಾಗಿ ಕೋರ್ಟಿನಲ್ಲಿ ನಡೆಸುವುದು ನನ್ನ ಕೆಲಸ. ಮೂವತ್ತು ವರ್ಷ ಬಾಯಿಪಾಠವಾಗಿದ್ದ ಸೆಕ್ಷನ್ ನಂಬರುಗಳೆಲ್ಲ ಒಂದೇ ದಿನದಲ್ಲಿ ಬದಲಾದದ್ದಕ್ಕೆ ನನಗೂ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ.

ಅದರ ಹಿಂದಿನ ತಿಂಗಳು ಪಂಚನಹಳ್ಳಿ ಕಡೆಯ ಗಂಗಮ್ಮನ ಮೇಲೆ ಪಕ್ಕದ ತೋಟದ ಶೇಖರಪ್ಪ ಮಚ್ಚು ಬೀಸಿದ್ದ. ಇಬ್ಬರಿಗೂ ಒಂದೇ ಬೋರ್‌ವೆಲ್, ಪಾಳಿಯ ಮೇಲೆ ನೀರು. ಆಕೆಯ ಪಾಳಿಯಲ್ಲಿ ಇವನು ನೀರನ್ನು ತನ್ನ ಕಡೆ ತಿರುಗಿಸಿಕೊಂಡ. ಕೇಳಿದ್ದಕ್ಕೆ ಏಟು ಬಿತ್ತು. ತೆಂಗಿನಕಾಯಿ ಸುಲಿದು ಬದುಕುವ ಹೆಂಗಸಿನ ಬಲಗೈಯ ಎರಡು ಬೆರಳು ಹೋದವು. ಪೊಲೀಸರು ಹಾಕಿದ್ದು ಐಪಿಸಿ 326, ಅಂದರೆ ಮಾರಕಾಯುಧದಿಂದ ತೀವ್ರ ಗಾಯ. ಇದರಲ್ಲಿ ರಾಜಿಗೆ ಅವಕಾಶವಿಲ್ಲ. ಆದರೆ ಗಾಯಗೊಂಡವಳೇ ಕಟಕಟೆಯಲ್ಲಿ ಉಲ್ಟಾ ಹೊಡೆದರೆ ಕೇಸು ನೆಲಕಚ್ಚುತ್ತದೆ.

ಹೊಸ ಕಾನೂನು ಬಂದು ಕೆಲವು ತಿಂಗಳಾಗಿತ್ತು; ಸಾಕ್ಷಿ ಹೇಳಬೇಕಾದ ಬೆಳಿಗ್ಗೆ ಗಂಗಮ್ಮ ಊರಿನ ಹಿರಿಯ ರುದ್ರಪ್ಪನವರ ಜೊತೆ ನನ್ನ ಕಚೇರಿಗೆ ಬಂದಳು. “ನಾನೇ ಕಾಲು ಜಾರಿ ಮಚ್ಚಿನ ಮೇಲೆ ಬಿದ್ದೆ ಅಂತೀನಿ ಸಾರ್,” ಎಂದಳು.

“ಏನಮ್ಮಾ ಇದು?” ಎಂದರೆ ರುದ್ರಪ್ಪನವರೇ ಉತ್ತರ ಕೊಟ್ಟರು. “ಆ ಕಾನೂನೇ ಹೋಯ್ತಲ್ಲ ಸ್ವಾಮಿ. ನಾಳೆ ಸುಳ್ಳು ಕೇಸು ಅಂತ ಇವಳ ಮೇಲೇ ತಿರುಗಿಬಿದ್ರೆ ಯಾರ್ ನೋಡ್ತಾರೆ? ಊರಲ್ಲಿ ಕೂತು ಮುಗಿಸಿದ್ದೀವಿ. ವೀಳ್ಯನೂ ಇಸ್ಕೊಂಡವ್ಳೆ.”

ನಮ್ಮ ಕಡೆ ಹಿರಿಯರೆದುರು ವೀಳ್ಯ ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ನನಗೆ ಮೈಯೆಲ್ಲ ಉರಿಯಿತು. ಹೊಸ ಕಾನೂನಿನ 358ನೇ ಕಲಂ, ಹಳೆಯ ಅಪರಾಧಗಳಿಗೆ ಹಳೆಯ ಕಾನೂನನ್ನೇ ಉಳಿಸುವ ಅದರ ನಿಯಮ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಗಂಗಮ್ಮನ ಮುಖ ಇನ್ನಷ್ಟು ಬಾಡಿತು. ಕಾನೂನಿಗೆ ಹೆದರಿದವಳ ಮೇಲೆ ಮತ್ತಷ್ಟು ಕಾನೂನು ಸುರಿದ ದಡ್ಡ ನಾನು.

ದನಿ ತಗ್ಗಿಸಿ ಕೇಳಿದೆ: “ಗಲಾಟೆ ಆದ್ಮೇಲೆ ನೀರಿನ ಪಾಳಿ ಏನ್ ಮಾಡಿದ್ರಿ ರುದ್ರಪ್ಪನವರೇ?”

“ಹಳೇದು ರದ್ದು ಮಾಡಿದ್ವಿ. ಈಗ ದಿನ ಬಿಟ್ಟು ದಿನ.”

“ಹಾಗಾದ್ರೆ ಅವತ್ತು ಶೇಖರಪ್ಪ ಇವರ ನೀರು ತಿರುಗಿಸ್ಕೊಂಡಿದ್ದು ತಪ್ಪೇ ಅಲ್ಲ ಬಿಡಿ. ಆ ಪಾಳಿನೇ ಈಗ ಇಲ್ವಲ್ಲ!”

“ಅದೆಂಗಾಯ್ತದೆ? ಅವತ್ತು ಇವಳ್ದೇ ಪಾಳಿ ಕಣ್ರೀ!” ಎಂದು ರೇಗಿದ ರುದ್ರಪ್ಪನವರು, ತಮ್ಮ ಮಾತೇ ತಮಗೆ ಕೇಳಿಸಿದಂತೆ ಗಂಗಮ್ಮನ ಕಡೆ ತಿರುಗಿದರು.

ಗಂಗಮ್ಮ ತಲೆಯೆತ್ತಿದಳು. “ಅಂದ್ರೆ ಅವತ್ತಿನ ಏಟಿಗೆ ಅವತ್ತಿನ ಕಾನೂನೇನಾ ಸಾರ್?”

“ಅಷ್ಟೇ ಕಣಮ್ಮ.”

“ವೀಳ್ಯ ಇಸ್ಕೊಂಡಿದ್ದೀನಲ್ಲ...”

ರುದ್ರಪ್ಪನವರು ಎದ್ದು ನಿಂತರು. “ಕಾನೂನಿಲ್ಲ ಅಂತ ಹೇಳಿ ಕೊಡಿಸ್ದೋನು ನಾನು. ನಾನೇ ವಾಪಸ್ ಕೊಡ್ತೀನಿ. ನೀನು ನಡೆದಿದ್ದು ಹೇಳವ್ವ.”

ಹೇಳಿದಳು. ಎದುರು ವಕೀಲರು ಒಂದು ಗಂಟೆ ಕೆದಕಿದರೂ ಒಂದಕ್ಷರ ಅಲುಗಲಿಲ್ಲ. ತೀರ್ಪಿನ ದಿನ ನ್ಯಾಯಾಧೀಶರು ಅದೇ ಐಪಿಸಿ 326ರಡಿ ಶೇಖರಪ್ಪನಿಗೆ ಎರಡು ವರ್ಷ ಸಜೆ ವಿಧಿಸಿದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ರದ್ದತಿ ಮುಂದಿನ ದಿನಗಳಿಗೆ. ಜಾರಿಯಲ್ಲಿದ್ದಾಗ ನಡೆದ ಅನ್ಯಾಯಕ್ಕೆ ಹಳೆಯ ಕಾನೂನೇ ಉತ್ತರ ಹೇಳಬೇಕು. ಓದಿ ಗೊತ್ತಿದ್ದ ಈ ಮಾತನ್ನು ಕೇಳುವವರ ಬದುಕಿನೊಳಗಿಂದ ಹೇಳಬೇಕೆಂದು ನಾನು ಕಲಿತದ್ದು ಅವತ್ತು. ಗಂಗಮ್ಮನಿಗೆ ಅಷ್ಟುದ್ದ ಬೇಕಾಗಲಿಲ್ಲ. ಕೋರ್ಟಿನ ಮೆಟ್ಟಿಲಿಳಿಯುತ್ತಾ ಅಂದಳು: “ಇನ್ಮೇಲೆ ಯಾರಾದ್ರೂ ಆ ಕಾನೂನು ಹೋಯ್ತು ಅಂದ್ರೆ, ಅದಕ್ಕಿಂತ ಮುಂಚೆನೇ ನನ್ ಬೆರಳು ಹೋಗಿತ್ತು ಅಂತೀನಿ ಸಾರ್.”