ಭಾವ ಮಾರಿದ ಮನೆ

ಶಿಡ್ಲಘಟ್ಟದ ಹಳೇ ಬೀದಿಯಲ್ಲಿ ನಾನು ಕೊಂಡ ಮನೆ ನನ್ನ ಅಕ್ಕನ ಗಂಡನದು. ಆಗ ನಾನು ಅಲ್ಲೇ ಹೈಸ್ಕೂಲಿನಲ್ಲಿ ಮೇಷ್ಟ್ರಮ್ಮ. ಪಾಳೇಗಾರರ ಕಾಲದ ಮನೆ, ಕೆತ್ತನೆಯ ಕಂಬಗಳು, ನಡುವೆ ತೆರೆದ ತೊಟ್ಟಿ. ಆ ಕಂಬಗಳಿಗೆ ಮರುಳಾಗಿ ಬೇರೇನನ್ನೂ ವಿಚಾರಿಸಲಿಲ್ಲ. ಮಾರುವವನು ಸ್ವಂತ ಭಾವನಲ್ಲವೇ?

ಎರಡನೇ ವಾರ ಬಚ್ಚಲುಮನೆಗೆಂದು ಹಿಂದಿನ ಗೋಡೆ ಒಡೆಸುತ್ತಿದ್ದೆ. ಪುರಾತತ್ವ ಇಲಾಖೆಯವರೊಬ್ಬರು ಬಂದು ಕೆಲಸ ನಿಲ್ಲಿಸಿದರು.

"ಇದು ಸಂರಕ್ಷಿತ ಮನೆ ಮೇಡಂ. ಒಂದು ಇಟ್ಟಿಗೆ ತೆಗೀಬೇಕಾದ್ರೂ ಪರ್ಮಿಷನ್ ಬೇಕು. ಸುತ್ತಮುತ್ತ ಹೊಸದಾಗಿ ಕಟ್ಟೋಹಾಗೂ ಇಲ್ಲ. ಬಾಗಿಲ ಪಕ್ಕ ಬೋರ್ಡ್ ಹಾಕಿದ್ವಲ್ಲ?"

ಬೋರ್ಡು ಇರಲಿಲ್ಲ. ಅಂದೇ ಭಾವನ ಮನೆಗೆ ಹೋದೆ. ಅವರು ಜಗಲಿಯಿಂದ ಏಳಲೂ ಇಲ್ಲ.

"ನೀನು ಓದಿರೋಳು ಕಣಮ್ಮ. ವಿಚಾರಿಸ್ಕೊಂಡು ತಗೋಬೇಕಾಗಿತ್ತು" ಎಂದು ನಕ್ಕರು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ನೀರಿನ ತೊಟ್ಟಿಯ ಮೇಲೆ ಮುಚ್ಚಿದ್ದ ನೀಲಿ ತಗಡು ಕಂಡಿತು. ಮಗುಚಿ ನೋಡಿದೆ. ನನ್ನ ಮನೆಯ ಬೋರ್ಡು! ಹಾಗೇ ಮುಚ್ಚಿಟ್ಟು, ಅಕ್ಕ ಕೊಟ್ಟ ಕಾಫಿ ಕುಡಿದು ಬಂದೆ.

ಎರಡು ಮಳೆಗಾಲ ಆ ಮನೆಯಲ್ಲಿ ಪಾತ್ರೆ ಇಟ್ಟುಕೊಂಡು ಕಳೆದೆ. ಸೋರುವ ಮಾಡಿಗೆ ಹಳೇ ನಮೂನೆಯ ಹೆಂಚೇ ಬೇಕು, ಗೋಡೆಗೆ ಸುಣ್ಣದ ಗಾರೆಯೇ ಬೇಕು. ಗಾರೆ ಕೆಲಸ ಬಲ್ಲ ಮುದುಕರೊಬ್ಬರನ್ನು ಮಂಚೇನಹಳ್ಳಿಯಿಂದ ಹುಡುಕಿ ಕರೆತರಬೇಕಾಯಿತು. ಪ್ರತಿ ರಿಪೇರಿಗೂ ಅರ್ಜಿ. ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ. ಕೋಲಾರಕ್ಕೆ ಅಲೆದೂ ಅಲೆದೂ ಯಾವ ಮೇಜಿನಿಂದ ಯಾವ ಮೇಜಿಗೆ ಕಾಗದ ಹೋಗುತ್ತದೆಂದು ಕಲಿತೆ.

ಆ ಹೊತ್ತಿಗೆ ಭಾವ ನನ್ನ ಮನೆಗೆ ಅಂಟಿಕೊಂಡಿದ್ದ ತಮ್ಮ ಜಾಗದಲ್ಲಿ ಪಾಯ ತೋಡಿಸಿದರು. ಕೆಳಗೆ ಮಳಿಗೆ, ಮೇಲೆ ಬಾಡಿಗೆ ಮನೆಗಳಂತೆ. ಅವತ್ತೇ ಇಲಾಖೆಗೆ ದೂರಿನ ಅರ್ಜಿ ಕೊಡಬಹುದಿತ್ತು. ಕೊಡಲಿಲ್ಲ. ದಿನಾ ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಪಿಲ್ಲರ್ ಎದ್ದವು. ಗೋಡೆ ಬಂತು. ಚಾವಣಿಗೆ ಮೋಲ್ಡ್ ಹಾಕಿದ ದಿನ ಭಾವ ಕಳಿಸಿದ ಸಿಹಿಯನ್ನೂ ತಿಂದೆ. ಮರುದಿನ ಸ್ಕೂಲಿಗೆ ರಜೆ ಹಾಕಿ, ಮೊದಲ ಬಸ್ಸಿಗೆ ಕೋಲಾರಕ್ಕೆ ಹೊರಟೆ. ಅರ್ಜಿಯಲ್ಲಿ ಕಿತ್ತ ಬೋರ್ಡು ಎಲ್ಲಿದೆ ಎಂದೂ ಬರೆದಿದ್ದೆ.

ವಾರದೊಳಗೆ ಕೆಲಸ ನಿಂತಿತು. ಇಲಾಖೆಯವರು ಬೋರ್ಡನ್ನು ಜನರೆದುರೇ ಭಾವನ ಹಿತ್ತಲಿಂದ ಹೊತ್ತು ತಂದರು. ಭಾವ ನನ್ನ ಬಾಗಿಲಿಗೆ ಬಂದು ಕೂಗಿದರು:

"ಯಾವನು ಕೊಟ್ಟಿದ್ದು ಅರ್ಜಿ?"

"ನಾನೇ ಭಾವ. ಸಹಿ ನೋಡಿ."

ಅವರ ಬಾಯಿ ತೆರೆದೇ ಇತ್ತು. ಆ ಮುಖ ನೆನೆಸಿಕೊಂಡರೆ ನನಗೆ ಈಗಲೂ ಹಿತವಾಗುತ್ತದೆ. ಸುಳ್ಳೇಕೆ ಹೇಳಲಿ?

ಗೌರಿಬಿದನೂರಿನಲ್ಲಿ ಹಳೇ ಮನೆ ನೋಡಿಟ್ಟಿದ್ದ ಸಹೋದ್ಯೋಗಿಯೊಬ್ಬರು ಆಮೇಲೆ ನನ್ನನ್ನು ಸಲಹೆ ಕೇಳಿದರು. "ಮೊದಲು ಇಲಾಖೆಯಲ್ಲಿ ಕೇಳಿ. ಮಾರೋರು ಜೊತೆಗಿಲ್ಲದಾಗ ಅಕ್ಕಪಕ್ಕದೋರನ್ನ ಕೇಳಿ. ಮಳೇಲಿ ಒಂದ್ಸಲ ಒಳಗೆ ನಿಂತು ನೋಡಿ. ಕಂಬ ಕೊನೇಗೆ ನೋಡಿದ್ರಾಯ್ತು" ಎಂದೆ.

ಅಕ್ಕ ಮಾತು ಬಿಟ್ಟಳು. ವರ್ಷ ಕಳೆದ ಮೇಲೆ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ತಾನೇ ಹತ್ತಿರ ಬಂದಳು.

"ಪಾಯ ತೋಡೋವಾಗ್ಲೇ ನನಗೊಂದು ಮಾತು ಹೇಳಬಾರದಿತ್ತೇನೇ?"

"ಹೇಳಿದ್ರೆ ನೀನು ಅವರನ್ನ ತಡೀತಿದ್ದೆ ಅಕ್ಕ."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು, ನನ್ನ ಕಡೆ ತಿರುಗಲಿಲ್ಲ.